ಎರಡು ಕಾರು, ಒಂದು ಸೀಟಿನ ಎತ್ತರ

ನಾನು ಫಿಸಿಯೋಥೆರಪಿ ಮಾಡುವವಳು. ಯಾರಿಗೆ ಯಾವ ಕಾರು ಒಳ್ಳೆಯದು ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೂ ಎರಡು ಸಾವಿರದ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಒಂಟಿಕೊಪ್ಪಲಿನ ಒಂದು ಕುಟುಂಬಕ್ಕೆ ಕಾರು ಆರಿಸಿಕೊಡುವ ಹೊಣೆ ನನ್ನ ಮೇಲೆ ಬಿತ್ತು. ಅವರು ಕೊಳ್ಳಬೇಕೆಂದಿದ್ದಂಥ ದೊಡ್ಡ ಗಾಡಿ ರಸ್ತೆಯಲ್ಲಿ ಹೋದರೆ ಮೈಸೂರಿನ ಜನ ಇನ್ನೂ ತಿರುಗಿ ನೋಡುತ್ತಿದ್ದ ಕಾಲ ಅದು. ಕುವೆಂಪುನಗರದಿಂದ ಸ್ಕೂಟರಿನಲ್ಲಿ ಓಡಾಡುತ್ತಿದ್ದ ನಾನು ಅಂಥದೊಂದರ ಒಳಗೆ ಕಾಲಿಟ್ಟವಳೇ ಅಲ್ಲ.

ಆ ಮನೆಯ ಹಿರಿಯ ಸೊಸೆ ವಕೀಲರು. ಐವತ್ತು ದಾಟಿದವರು. ಬೆನ್ನುಮೂಳೆಯೊಳಗೆ ಬೆಳೆದಿದ್ದ ಗಡ್ಡೆಯೊಂದನ್ನು ಆಪರೇಷನ್ ಮಾಡಿ ತೆಗೆದಿದ್ದರು. ಆಮೇಲೆ ಅವರ ಎರಡು ಕಾಲೂ ಸೋತಿದ್ದವು. ಎಡಗಾಲು ಕೆಲವು ತಿಂಗಳಲ್ಲಿ ಚೇತರಿಸಿಕೊಂಡಿತು. ಬಲಗಾಲು ಮಾತ್ರ ಹಟ ಹಿಡಿದಿತ್ತು. ತೊಡೆಯಲ್ಲಿ ಸ್ವಲ್ಪ ಶಕ್ತಿ, ಮಂಡಿಯಲ್ಲಿ ಅದಕ್ಕಿಂತ ಕಡಿಮೆ; ಪಾದವನ್ನಂತೂ ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ. ಪಾದ ಜೋಲಾಡದಂತೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಹಾಕಿಸಿ, ವಾಕರ್ ಹಿಡಿಸಿ, ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆಸುವಷ್ಟರ ಮಟ್ಟಿಗೆ ತಂದಿದ್ದೆ. ಕೈಗಳು ಗಟ್ಟಿಯಾಗಿದ್ದವು. ಮನಸ್ಸು ಇನ್ನೂ ಗಟ್ಟಿ.

ಮನೆತನ ರೇಷ್ಮೆ ಸೀರೆ ವ್ಯಾಪಾರದ್ದು. ಅಂಗಡಿಯನ್ನು ಅವರ ಗಂಡ ಮತ್ತು ಗಂಡನ ತಮ್ಮ ಸೇರಿ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಎಂಬತ್ತರ ಹತ್ತಿರದ ಅತ್ತೆ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಬಾಯ್ತುಂಬ ಮಾತು. ನಾನು ಸೊಸೆಗೆ ವ್ಯಾಯಾಮ ಮಾಡಿಸುವಾಗ ಆಕೆ ಎದುರಿನ ಆರಾಮಕುರ್ಚಿಯಲ್ಲಿ ಕೂತು, ಒಬ್ಬರನ್ನೂ ಬಿಡದೆ ಇಬ್ಬರಿಗೂ ಉಪದೇಶ ಮಾಡುತ್ತಿದ್ದರು.

ಕಾರಿನ ಮಾತು ಹುಟ್ಟಿದ್ದು ಕೋರ್ಟಿನ ಕಾರಣಕ್ಕೆ. ಇಬ್ಬರು ಅಕ್ಕತಂಗಿಯರಿಗೆ ತವರಿನ ಆಸ್ತಿಯಲ್ಲಿ ಪಾಲು ಕೊಡಿಸುವ ಮೊಕದ್ದಮೆಯೊಂದನ್ನು ವಕೀಲರು ವರ್ಷಗಟ್ಟಲೆ ನಡೆಸಿದ್ದರು. ಬೇಸಿಗೆ ರಜೆ ಮುಗಿದ ಕೂಡಲೇ ಅದರ ಅಂತಿಮ ವಾದ. ಜೂನಿಯರ್ ಒಬ್ಬರು ಮಾಡಬಹುದಿತ್ತು. ಆದರೆ ಅದನ್ನು ತಾವೇ ಮಾಡಬೇಕು ಎಂದು ಇವರು ಗಟ್ಟಿಮನಸ್ಸು ಮಾಡಿದ್ದರು. ಹೋಗುವುದು ಹೇಗೆ ಎನ್ನುವುದೇ ತೊಡಕು. ಮನೆಯಲ್ಲಿದ್ದ ಹಳೆಯ ಕಾರಿನ ಸೀಟು ತೀರ ತಗ್ಗು. ಕೂತರೆ ಏಳಲಾಗದು. ಆಸ್ಪತ್ರೆಗೆ ಹೋಗುವಾಗಲೆಲ್ಲ ಗಂಡ ಮತ್ತು ಮೈದುನ ಎರಡೂ ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಿ ಕೂರಿಸಿ, ಎತ್ತಿ ಇಳಿಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹೋದಾಗ ಟೀಪಾಯಿಯ ಮೇಲೆ ಎರಡು ಕಂಪನಿಗಳ ಹೊಳೆಯುವ ಪುಸ್ತಿಕೆಗಳು ಹರಡಿದ್ದವು. ಒಂದರಲ್ಲಿ ಬಿಳಿ ಗಾಡಿ: ಎತ್ತರದ ಮೈ, ದಪ್ಪ ಚಕ್ರ, ಹತ್ತಲು ಬಾಗಿಲ ಕೆಳಗೆ ಫುಟ್‌ಬೋರ್ಡು. ಇನ್ನೊಂದರಲ್ಲಿ ಬೂದು ಬಣ್ಣದ್ದು. ಅದೂ ದೊಡ್ಡದೇ, ಆದರೆ ಮೈ ಸ್ವಲ್ಪ ತಗ್ಗು, ಮೂಲೆಗಳು ದುಂಡಗೆ. ಎರಡರಲ್ಲೂ ಚರ್ಮದ ಸೀಟು, ಏಸಿ, ಏನೇನೋ ಗುಂಡಿಗಳು.

ಮೈದುನನ ಮನಸ್ಸು ಬಿಳಿಯದರ ಮೇಲೆ. ಆಗಲೇ ಅದನ್ನು ಮಂಡಕಳ್ಳಿ ಕಡೆಗೆ ಓಡಿಸಿಕೊಂಡು ಬಂದಿದ್ದರು. "ಎಂಜಿನ್ ಶಕ್ತಿ ನೋಡ್ಬೇಕು ಮೇಡಂ ನೀವು. ರೋಡೇ ನಮ್ದು ಅನ್ಸುತ್ತೆ," ಎಂದರು. ಗಂಡನಿಗೆ ಹಿಂದುಗಡೆ ಸೀರೆಯ ಗಂಟುಗಳು ಹಿಡಿಸಿದರೆ ಸಾಕಿತ್ತು. ಅತ್ತೆಗೆ ಬಿಳಿಯದು ಬೇಗ ಕೊಳೆಯಾಗುತ್ತದೆಂಬ ಚಿಂತೆ.

"ಅತ್ತಿಗೆ, ನಿಮ್ಗೆ ಯಾವ್ದು ಇಷ್ಟ?" ಎಂದು ಮೈದುನ ಕೇಳಿದರು.

ವಕೀಲರು ವಾಕರ್ ಹಿಡಿದು ನಿಂತಿದ್ದವರು ಪುಸ್ತಿಕೆಗಳ ಕಡೆ ನೋಡಲೂ ಇಲ್ಲ. "ಯಾವ್ದಾದ್ರೂ ತಗೊಳ್ಳಿ. ಕೋರ್ಟ್ ಕಾಂಪೌಂಡಲ್ಲಿ ನನ್ನನ್ನ ಯಾರೂ ಎತ್ತಬಾರ್ದು. ಅಷ್ಟೆ."

ಗಂಡ ಪುಸ್ತಿಕೆಗಳನ್ನು ಮುಚ್ಚಿಟ್ಟು ನನ್ನ ಕಡೆ ತಿರುಗಿ, "ಹಂಗಾದ್ರೆ ನೀವೇ ಹೇಳ್ಬೇಕು ಮೇಡಂ," ಎಂದರು.

ಮುಂದಿನ ಭಾನುವಾರ ಶೋರೂಮಿನವರು ಕರೆದರೆಂದು ಮನೆಯವರೆಲ್ಲ ಬಿಳಿ ಗಾಡಿ ನೋಡಲು ಹೋದರು. ನನಗೂ ಫೋನು ಬಂತು. ನಾನು ಹುಣಸೂರು ರಸ್ತೆಯ ಆ ಶೋರೂಮು ತಲುಪುವಷ್ಟರಲ್ಲಿ ವಕೀಲರನ್ನು ಆಗಲೇ ಗಾಡಿಯ ಪಕ್ಕ ನಿಲ್ಲಿಸಿದ್ದರು. ಎಷ್ಟೋ ದಿನದ ಮೇಲೆ ಹೊರಗೆ ಬಂದಿದ್ದರಿಂದ ಅಂಗಡಿಯದೇ ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದರು, ತಲೆಗೆ ಹೂ ಮುಡಿದಿದ್ದರು.

ನಾನು ಹತ್ತಿರ ಹೋಗುವ ಮುಂಚೆಯೇ ಅವರು ಎಡಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು, ಬಾಗಿಲ ಮೇಲಿನ ಹಿಡಿಕೆ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡರು. ಕೈಬಲ ಚೆನ್ನಾಗಿದ್ದುದರಿಂದ ಅಷ್ಟು ಮಾಡಿದರು. ತಿರುಗಿ ಸೀಟಿನ ಅಂಚಿಗೆ ಒರಗಿಯೂ ಒರಗಿದರು. ಆದರೆ ಹೊಸ ಚರ್ಮದ ಮೇಲೆ ರೇಷ್ಮೆ ಎಲ್ಲಿ ನಿಲ್ಲುತ್ತದೆ? ಒಂದೇ ಸಲಕ್ಕೆ ಕೆಳಗೆ ಜಾರಿದರು. ಬಲಗಾಲು ಅಡಿಗೆ ಮಡಚಿಕೊಂಡಿತು. ಮೈದುನ ಒಂದು ಕಡೆಯಿಂದ, ಶೋರೂಮಿನ ಹುಡುಗರು ಇನ್ನೊಂದು ಕಡೆಯಿಂದ ಓಡಿಬಂದು ಕಂಕುಳಿಗೆ ಕೈ ಹಾಕಿ ಎತ್ತಿಹಿಡಿದರು.

ಪೆಟ್ಟೇನೂ ಆಗಲಿಲ್ಲ. ಆದರೆ ಕಾರು ನೋಡಲು ಬಂದಿದ್ದವರಲ್ಲಿ ಒಬ್ಬರು ಹಿಂದೆ ಅವರ ಕಕ್ಷಿದಾರರಾಗಿದ್ದವರು. ಗುರುತು ಹಿಡಿದು, ಎದ್ದು ನಿಂತು ಕೈ ಮುಗಿದರು. ಎರಡೂ ಕಡೆಯವರ ಕೈಯಲ್ಲಿ ನೇತಾಡುತ್ತಿದ್ದ ವಕೀಲರಿಗೆ ಮರಳಿ ಕೈ ಮುಗಿಯಲು ಕೈ ಬಿಡುವಿರಲಿಲ್ಲ. ತಲೆ ಬಗ್ಗಿಸಿದರು. ಅವರ ಮುಖವನ್ನು ನಾನು ಆಪರೇಷನ್ ಆದ ದಿನಗಳಲ್ಲೂ ಹಾಗೆ ನೋಡಿರಲಿಲ್ಲ.

ಸಂಜೆ ನನಗೆ ಫೋನು ಮಾಡಿದರು. "ನಾಳೆಯಿಂದ ಬರ್ಬೇಡಿ ಮೇಡಂ. ಫೈಲು ಜೂನಿಯರ್‌ಗೆ ಕೊಟ್ಬುಡ್ತೀನಿ."

ಮರುದಿನ ಹೋಗಲೋ ಬೇಡವೋ ಎಂದು ಯೋಚಿಸುತ್ತಲೇ ಸ್ಕೂಟರ್ ಹತ್ತಿದೆ. ಅವರು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

"ಬರ್ಬೇಡಿ ಅಂದಿದ್ನಲ್ಲ," ಎಂದರು, ತಿರುಗದೆಯೇ.

"ಒಂದು ವಿಷಯ ಕೇಳೋಕೆ ಬಂದೆ. ನೀವು ಒಂದೇ ಸಾಕ್ಷಿ ವಿಚಾರಣೆ ಮಾಡಿ ಕೇಸು ಮುಗಿಸ್ತೀರಾ ಮೇಡಂ?"

"ಆ ಸಾಕ್ಷಿ ಏನು ಹೇಳ್ತು?" ಎಂದರು, ಗೋಡೆಯ ಕಡೆಗೇ.

"ಸೀಟು ಎತ್ತರ ಅಂತು. ಸೀರೆ ಜಾರುತ್ತೆ ಅಂತು. ನಿಮ್ಮ ಕಾಲಿನ ಬಗ್ಗೆ ಏನೂ ಹೇಳ್ಲಿಲ್ಲ."

ಅವರು ನಿಧಾನವಾಗಿ ನನ್ನ ಕಡೆ ಹೊರಳಿದರು. "ಹೊರಳ್ದಾಗ ಬಲಗಾಲು ತಾನಾಗೇ ಬರ್ತಾ ಇದೆ, ನೋಡಿದ್ರಾ?" ಎಂದೆ. ನಿಜವಾಗಿಯೂ ಬಂದಿತ್ತು. ಅವರು ಕಾಲನ್ನು ನೋಡಿಕೊಂಡರು, ಆಮೇಲೆ ಎದ್ದು ಕೂತರು. ಅಂದಿನ ವ್ಯಾಯಾಮ ತಪ್ಪಲಿಲ್ಲ.

ಅಂದೇ ಅವರ ಅಳತೆ ತೆಗೆದುಕೊಂಡೆ. ಪಾದದ ಪಟ್ಟಿ, ಶೂ ಎರಡನ್ನೂ ಹಾಕಿಸಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕೂರುವಾಗ ಸೀಟಿಗೆ ತಾಗುವ ಜಾಗ ನೆಲದಿಂದ ಎಷ್ಟು ಎತ್ತರಕ್ಕಿದೆ ಎಂದು ಟೇಪು ಹಿಡಿದೆ. ಕೂತಲ್ಲಿಂದ ಎರಡೂ ಕೈಯಲ್ಲಿ ಬಲಗಾಲನ್ನು ಎಷ್ಟು ಮೇಲಕ್ಕೆ ಎತ್ತಬಲ್ಲರು, ಆ ಕಾಲು ಒಳಕ್ಕೆ ತಿರುಗಬೇಕಾದರೆ ಮುಂದೆ ಎಷ್ಟು ಜಾಗ ಬೇಕು ಎನ್ನುವುದನ್ನೂ ಬರೆದುಕೊಂಡೆ. ಸೀಟು ತೀರ ತಗ್ಗಾದರೆ ಏಳುವುದು ಕಷ್ಟ. ಎತ್ತರವಾದರೆ ಕೂರುವುದು ಕಷ್ಟ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಒರಗಿದರೆ ಸೀಟು ತಾನಾಗಿ ಸಿಗಬೇಕು, ಅದು ಸರಿಯಾದ ಎತ್ತರ.

ಮಾರನೆಯ ದಿನ ದರ್ಜಿಗಳು ಬಳಸುವ ಟೇಪನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಎರಡೂ ಶೋರೂಮಿಗೆ ಹೋದೆ. ಬಿಳಿ ಗಾಡಿಯವರಿಗೆ ನನ್ನ ಪರಿಚಯವಾಗಿತ್ತು. ಅಳೆಯಲು ಬಿಟ್ಟರು. ಬೂದು ಗಾಡಿಯ ಶೋರೂಮಿನಲ್ಲಿ ಟೈ ಕಟ್ಟಿದ ಯುವಕರೊಬ್ಬರು ಮಾರಾಟದ ಮೇಲಿದ್ದರು. ನಾನು ಮೊದಲು ಕೇಳಿದ್ದು ಬಾಗಿಲಿನ ವಿಷಯ.

"ಇದು ಎಷ್ಟು ತೆಗೆಯುತ್ತೆ?"

"ಪೂರ್ತಿ ತೆಗೆಯುತ್ತೆ ಮೇಡಂ."

"ಪೂರ್ತಿ ಅಂದ್ರೆ ಎಷ್ಟು?"

ಅವರು ಬಾಗಿಲನ್ನೂ ನನ್ನನ್ನೂ ನೋಡಿದರು. "ಮೈಲೇಜು, ಪಿಕಪ್ಪು ಏನಾದ್ರೂ ಹೇಳ್ಲಾ ಮೇಡಂ?"

"ಅದನ್ನ ಮನೆಯವ್ರು ಕೇಳ್ತಾರೆ. ನೀವು ಈ ಟೇಪಿನ ತುದಿ ಹಿಡ್ಕೊಳ್ಳಿ."

ಕಾರಣ ಹೇಳಿದ ಮೇಲೆ ಅವರು ಟೈಯನ್ನು ಅಂಗಿಯೊಳಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತೇಬಿಟ್ಟರು. ಸೀಟಿನ ಎತ್ತರ, ಬಾಗಿಲ ಹೊಸ್ತಿಲ ಅಗಲ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದಾಗ ಮುಂದೆ ಸಿಗುವ ಜಾಗ, ತಲೆ ಬಗ್ಗಿಸಬೇಕಾದ ಎತ್ತರ, ಎಲ್ಲವನ್ನೂ ಇಬ್ಬರೂ ಸೇರಿ ಅಳೆದೆವು. ಹಿಂದಿನ ಸೀಟೂ ನೋಡಿದೆವು. ಚಕ್ರದ ಉಬ್ಬಿನಿಂದಾಗಿ ಅಲ್ಲಿ ಬಾಗಿಲ ಜಾಗ ಕಿರಿದು. ಹಾಗಾಗಿ ಚಾಲಕನ ಪಕ್ಕದ ಮುಂದಿನ ಸೀಟೇ ಸರಿ ಎಂದುಕೊಂಡೆ. ಅದಕ್ಕೆ ಇನ್ನೂ ಒಂದು ಕಾರಣವಿತ್ತು. ಎಡಬಾಗಿಲಿನಿಂದ ಇಳಿಯುವಾಗ ಮೊದಲು ನೆಲಕ್ಕೆ ತಾಗುವುದು ಎಡಗಾಲು, ಅವರ ಗಟ್ಟಿಕಾಲು.

ಅಳತೆಯ ಪ್ರಕಾರ ಬಿಳಿ ಗಾಡಿಯ ಸೀಟು ವಕೀಲರಿಗೆ ಬೇಕಾದ ಎತ್ತರಕ್ಕಿಂತ ಒಂದು ಗೇಣು ಮೇಲೆ. ಬೂದು ಗಾಡಿಯದು ಎರಡು ಬೆರಳಷ್ಟು ಮಾತ್ರ ಹೆಚ್ಚು. ಹಾಗೆಂದು ಬೂದು ಗಾಡಿ ಸಲೀಸು ಎನ್ನುವಂತಿರಲಿಲ್ಲ. ಅದರ ಹೊಸ್ತಿಲು ಅಗಲ; ಸೋತ ಕಾಲನ್ನು ಅದರ ಮೇಲಿಂದ ದಾಟಿಸಬೇಕು. ಸೀಟಿನ ಪಕ್ಕದ ಅಂಚು ದಿಂಬಿನ ಹಾಗೆ ಉಬ್ಬಿತ್ತು. ಬಾಗಿಲು ಬಿಳಿ ಗಾಡಿಯಷ್ಟು ಅಗಲಕ್ಕೆ ತೆರೆಯುತ್ತಿರಲಿಲ್ಲ.

ಅವರನ್ನು ಮತ್ತೆ ಶೋರೂಮಿನಲ್ಲಿ ಜನರ ಮುಂದೆ ನಿಲ್ಲಿಸುವುದು ಬೇಡ ಎಂದು ತೀರ್ಮಾನಿಸಿದೆ. ಅವರು ಕಾರಿಗೆ ಹೋಗುವ ಬದಲು ಕಾರೇ ಮನೆಗೆ ಬರಲಿ ಎಂದು, ಅಂಗಡಿಯ ಕಪಾಟುಗಳನ್ನು ಮಾಡಿದ್ದ ಬಡಗಿಯನ್ನು ಕರೆಸಿದೆ. ಪ್ಲೈವುಡ್ಡಿನಲ್ಲಿ ಒಂದು ಸೀಟು, ಅದಕ್ಕೆ ಉಬ್ಬಿದ ಅಂಚು, ಮೇಲೆ ರೆಕ್ಸಿನ್ ಹೊದಿಕೆ. ಮುಂದೆ ಹೊಸ್ತಿಲಿಗೊಂದು ಹಲಗೆ, ಕೈ ಹಿಡಿಯಲು ಬಾಗಿಲ ಕಂಬ, ತಲೆಯ ಮೇಲೆ ಅಡ್ಡಪಟ್ಟಿ. ಕೆಳಗೆ ಹಲಗೆ ಸೇರಿಸುತ್ತ ಹೋದರೆ ಬೂದು ಗಾಡಿ ಬಿಳಿ ಗಾಡಿಯಾಗುತ್ತಿತ್ತು. ಒಂಟಿಕೊಪ್ಪಲಿನ ಆ ಮನೆಯ ವರಾಂಡದಲ್ಲಿ ಚಕ್ರವಿಲ್ಲದ ಕಾರೊಂದು ಬಂದು ನಿಂತಿತು.

ಮೊದಲು ಹತ್ತಿ ಕೂತವರು ಅತ್ತೆ. "ಎಂಗೈತೆ ನೋಡವ್ವ. ನಂಜನಗೂಡಿಗೆ ಓಗಿ ಬರಾಣ್ವಾ?" ಎಂದರು. ವಕೀಲರು ಅನೇಕ ದಿನಗಳ ಮೇಲೆ ನಕ್ಕರು. ಅಂದಿನಿಂದ ಸಂಜೆಯ ಕಾಫಿಯನ್ನು ಅತ್ತೆ ಅಲ್ಲೇ ಕೂತು ಕುಡಿಯುತ್ತಿದ್ದರು. ಸೊಸೆಯ ಅಭ್ಯಾಸದ ಹೊತ್ತಿಗೆ ಅವರನ್ನು ಎಬ್ಬಿಸುವುದೇ ನನಗೊಂದು ಕೆಲಸವಾಯಿತು.

ಅಭ್ಯಾಸದ ಕ್ರಮ ಹೀಗಿತ್ತು. ವಾಕರ್ ಹಿಡಿದು ಬೆನ್ನು ತಿರುಗಿಸಿ, ಮೀನಖಂಡಕ್ಕೆ ಹೊಸ್ತಿಲು ತಾಗುವ ತನಕ ಹಿಂದಕ್ಕೆ ಬರುವುದು. ಒಂದು ಕೈ ಸೀಟಿನ ಅಂಚಿಗೆ, ಇನ್ನೊಂದು ಕಂಬಕ್ಕೆ. ಬಾಗಿಲು ಅಲ್ಲಾಡುತ್ತದೆ, ಅದನ್ನು ನಂಬಬಾರದು. ಬಲಗಾಲನ್ನು ತುಸು ಮುಂದೆ ಬಿಟ್ಟು ಕೂರುವುದು. ಮುಷ್ಟಿ ಊರಿ ಹಿಂದಕ್ಕೆ ಸರಿಯುವುದು. ಎಡಗಾಲು ನೆಲದಲ್ಲಿ ಗಟ್ಟಿಯಾಗಿರುವಾಗಲೇ ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಹೊಸ್ತಿಲು ದಾಟಿಸುವುದು. ತಲೆ ಬಗ್ಗಿಸಿ ತಿರುಗುವುದು. ಕೊನೆಗೆ ಎಡಗಾಲು.

ಕೂರುವುದು ಬೇಗ ಬಂತು. ತಿರುಗುವುದು ಬರಲಿಲ್ಲ. ಈಗ ಉಡುತ್ತಿದ್ದದ್ದು ಕೋರ್ಟಿನ ಬಿಳಿ ಹತ್ತಿ ಸೀರೆ. ಅದು ರೆಕ್ಸಿನ್ನಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ. ತಿರುಗುವ ಪ್ರಯತ್ನದಲ್ಲಿ ಸೊಂಟ ಒಂದು ಕಡೆ, ಭುಜ ಒಂದು ಕಡೆ ತಿರುಚಿಕೊಂಡು ಬೆನ್ನು ನೋಯುತ್ತಿತ್ತು. ನಾನು ಪೌಡರ್ ಹಾಕಿ ನೋಡಿದೆ, ಪ್ಲಾಸ್ಟಿಕ್ ಚೀಲ ಹಾಸಿ ನೋಡಿದೆ. ಚೀಲ ಸುಕ್ಕಾಗಿ ಹರಿಯಿತು. ಹಲವು ದಿನ ಹೀಗೇ ಕಳೆಯಿತು. ಕೋರ್ಟು ತೆರೆಯುವ ದಿನ ಹತ್ತಿರವಾಗುತ್ತಿತ್ತು.

ಒಂದು ಬೆಳಿಗ್ಗೆ ಅವರೇ ಹೇಳಿದರು. "ಅವತ್ತು ನಾನು ಬಿದ್ದಿದ್ದು ರೇಷ್ಮೆಯಿಂದ ಅಲ್ವಾ? ಜಾರೋದು ಬೇಕಾದ ಜಾಗಕ್ಕೆ ಅದನ್ನೇ ಹಾಕಿ."

ಗಂಡ ಅಂಗಡಿಯಿಂದ ಒಂದು ತುಂಡು ರೇಷ್ಮೆ ತಂದರು. ಅದನ್ನು ಎರಡು ಮಡಿಕೆ ಮಾಡಿ, ಸೀಟಿನ ಅಂಚು ಬಿಟ್ಟು ಒಳಗಡೆ ಮಾತ್ರ ಹಾಸಿದೆ. ಅಂಚಿನ ಮೇಲೆ ಹತ್ತಿ ಸೀರೆ ಹಿಡಿದುಕೊಂಡಿತು. ಹಿಂದಕ್ಕೆ ಸರಿದ ಮೇಲೆ ಮಡಿಕೆಯ ಮೇಲೆ ಮಡಿಕೆ ಜಾರಿ, ಒಂದೇ ಬೀಸಿಗೆ ಅವರು ಮುಂದಕ್ಕೆ ತಿರುಗಿ ಕೂತರು. ಯಾರ ಕೈಯೂ ತಾಗಿರಲಿಲ್ಲ. ಅವರು ಎದುರಿನ ಖಾಲಿ ಗೋಡೆಯನ್ನು, ಅದೇ ರಸ್ತೆ ಎನ್ನುವಂತೆ, ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದರು. "ಇನ್ನೊಂದ್ಸಲ," ಎಂದರು ಆಮೇಲೆ.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಮೈದುನ ಬಿಳಿ ಗಾಡಿಯನ್ನು ಬಿಟ್ಟಿರಲಿಲ್ಲ. "ಇಷ್ಟು ಕಲ್ತಿದಾರೆ ಅಂದ್ಮೇಲೆ ಅದೂ ಬರುತ್ತೆ ಕಣ್ರೀ ಮೇಡಂ. ಕಾಲಿಡೋಕೆ ಮರದ ಮೆಟ್ಟಿಲೊಂದು ಮಾಡಿಸೋಣ. ಹಲಗೆ ಏರಿಸಿ ನೋಡಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತಿಗೆ ಕೋರ್ಟಿಗೆ ಮರಳಿ ಹೋಗುವ ದಿನ ಊರಿಗೆಲ್ಲ ಕಾಣುವಂಥ ಗಾಡಿಯಲ್ಲಿ ಹೋಗಲಿ ಎಂಬ ಆಸೆ ಅವರದು.

ಹಲಗೆ ಏರಿಸಿದೆವು. ಮರದ ಮೆಟ್ಟಿಲೂ ಬಂತು. ವಕೀಲರು ದಿನವೂ ಸೋತು, ಕೊನೆಗೊಂದು ಬೆಳಿಗ್ಗೆ ಹತ್ತಿ ಕೂತೇಬಿಟ್ಟರು. ಮೈದುನ ಚಪ್ಪಾಳೆ ತಟ್ಟಿದರು. ಗಂಡ ನನ್ನ ಮುಖ ನೋಡಿದರು. "ಹಂಗಾದ್ರೆ ಬಿಳಿದೇ ಹೇಳ್ಬುಡ್ಲಾ ಮೇಡಂ?"

ನಾನು ವಕೀಲರ ತೋಳು ನೋಡುತ್ತಿದ್ದೆ. ಅದು ನಡುಗುತ್ತಿತ್ತು. ಬೆಳಿಗ್ಗೆ, ತಿಂಡಿ ತಿಂದು, ವಿಶ್ರಾಂತಿ ಪಡೆದ ಮೇಲೆ ಒಂದು ಸಲ ಸಾಧ್ಯವಾದದ್ದು ಕೋರ್ಟಿನಿಂದ ಮರಳುವ ಹೊತ್ತಿಗೆ ಸಾಧ್ಯವಾಗುತ್ತದೆಯೇ? ಆಗ ನಾನೊಂದು ತೀರ್ಮಾನಕ್ಕೆ ಬಂದೆ.

"ಇವತ್ತು ಬೇಡ. ನಾಳೆ ಮಧ್ಯಾಹ್ನ ಎಲ್ರೂ ಮನೇಲಿರಿ. ಮೇಡಂ ಇಲ್ಲೇ ಪೂರ್ತಿ ವಾದ ಮಾಡ್ಲಿ, ನಿಂತ್ಕೊಂಡು, ಕೋಟು ಹಾಕ್ಕೊಂಡು. ಮುಗಿದ ತಕ್ಷಣ ಎರಡೂ ಎತ್ತರ ಹತ್ತಿ ನೋಡೋಣ. ದಣಿದಾಗ ಯಾವುದು ಆಗುತ್ತೋ ಅದು ಇವರ ಕಾರು."

"ಜಡ್ಜು ಯಾರು?" ಎಂದರು ವಕೀಲರು.

ಜಡ್ಜು ಅತ್ತೆಯೇ. ಮರುದಿನ ಆಕೆ ಮಡಿ ಸೀರೆ ಉಟ್ಟು, ವಿಭೂತಿ ಬಳಿದುಕೊಂಡು ಆರಾಮಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ವಕೀಲರು ಕಪ್ಪು ಕೋಟು ತೊಟ್ಟು, ಎದುರಿಗೆ ಊಟದ ಮೇಜನ್ನು ಹಾಕಿಸಿಕೊಂಡು, ಒಂದು ಕೈ ಮೇಜಿನ ಮೇಲೂರಿ ನಿಂತರು. ಶುರುವಿನಲ್ಲಿ ದನಿ ತಗ್ಗಿತ್ತು. ಸ್ವಲ್ಪ ಹೊತ್ತಿಗೆ ಮನೆಯನ್ನೇ ಮರೆತುಬಿಟ್ಟರು. ಅಕ್ಕತಂಗಿಯರ ತಂದೆ ಬಿಟ್ಟುಹೋದ ಜಮೀನು, ಅಣ್ಣಂದಿರು ಮಾಡಿಸಿಕೊಂಡ ಪತ್ರ, ಅದಕ್ಕೆ ಸಹಿ ಹಾಕಿದವರ ಹೇಳಿಕೆಯಲ್ಲಿನ ವ್ಯತ್ಯಾಸ, ಒಂದೊಂದನ್ನೂ ಬಿಡಿಸಿ ಬಿಡಿಸಿ ಇಟ್ಟರು. ನಾನು ಅವರನ್ನು ರೋಗಿಯಾಗಿ ಮಾತ್ರ ಕಂಡಿದ್ದೆ. ಅವರ ಕೆಲಸ ಏನೆಂದು ಗೊತ್ತಾದದ್ದು ಅಂದು. ನಡುವೆ ಒಂದೆರಡು ಸಲ ಬಲಗಾಲು ಕುಸಿಯುವಂತಾಯಿತು. ಅವರು ಮಾತು ನಿಲ್ಲಿಸದೆ ಭಾರವನ್ನು ಎಡಕ್ಕೆ ಹಾಕಿಕೊಂಡರು. ಅದನ್ನು ನಾನು ಹೇಳಿಕೊಟ್ಟಿದ್ದೆ. ಅಷ್ಟು ಸಹಜವಾಗಿ ಬಂದಿರುವುದು ಕಂಡು ಎದೆ ತುಂಬಿತು.

ವಾದ ಮುಗಿದಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಆ ಎಣ್ಮಕ್ಳಿಗೆ ಕೊಟ್ಬುಡ್ರವ್ವ ಅತ್ಲಾಗೆ. ಎಷ್ಟು ವರ್ಷ ಅಲೀತಾವೆ," ಎಂದರು.

ಕೂರಲು ಬಿಡದೆ ವಕೀಲರನ್ನು ನೇರ ವರಾಂಡಕ್ಕೆ ನಡೆಸಿದೆ. ಮೊದಲು ಬಿಳಿ ಗಾಡಿಯ ಎತ್ತರ. ಮೆಟ್ಟಿಲ ಮೇಲೆ ಎಡಗಾಲಿಟ್ಟು ಮೈ ಎಳೆದುಕೊಳ್ಳಲು ನೋಡಿದರು, ತೋಳು ಕೈಕೊಟ್ಟಿತು. ಮತ್ತೆ ನೋಡಿದರು. ಮೂರನೆಯ ಸಲ ಮೈದುನ ಅಭ್ಯಾಸಬಲದಿಂದ ಕಂಕುಳಿಗೆ ಕೈ ಹಾಕಲು ಮುಂದೆ ಬಂದವರು, ಏನೋ ನೆನಪಾದಂತೆ ತಟ್ಟನೆ ನಿಂತು ಕೈ ಹಿಂದಕ್ಕೆಳೆದುಕೊಂಡರು. ನಾವು ಹಲಗೆಗಳನ್ನು ತೆಗೆದು ಬೂದು ಗಾಡಿಯ ಎತ್ತರಕ್ಕೆ ಇಳಿಸಿದೆವು. ವಕೀಲರು ಹಿಂದಕ್ಕೆ ಹೆಜ್ಜೆಯಿಟ್ಟು ಒರಗಿದರು, ಕೂತರು, ಸರಿದರು, ಕಾಲು ದಾಟಿಸಿದರು, ತಿರುಗಿದರು. ನಿಧಾನವಾಯಿತು. ಆದರೆ ಎಲ್ಲೂ ತಪ್ಪಲಿಲ್ಲ.

ಮೈದುನ ಮರದ ಮೆಟ್ಟಿಲನ್ನು ಎತ್ತಿ ಮೂಲೆಗಿಟ್ಟರು. "ಬೂದುದೇ ಆಗ್ಲಿ ಬುಡಣ್ಣ. ನಾನೇ ಹೋಗಿ ಹೇಳ್ಬರ್ತೀನಿ," ಎಂದು ಅಣ್ಣನಿಗೆ ಹೇಳಿ, ಆಗಿಂದಾಗಲೇ ಚಪ್ಪಲಿ ಮೆಟ್ಟಿದರು.

ಶೋರೂಮಿನವರು ನೋಡಲೆಂದು ಒಂದು ಗಾಡಿಯನ್ನು ಮನೆಗೇ ಕಳಿಸಿದರು. ಅಲ್ಲಿ ಇನ್ನೊಂದು ತೊಂದರೆ ಕಾಣಿಸಿತು. ಗೇಟಿನ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ರಸ್ತೆಯ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ವಕೀಲರನ್ನೇ ಅಲ್ಲಿಗೆ ನಡೆಸಿದೆವು. ಪ್ಲೈವುಡ್ಡಿನ ಮೇಲೆ ಕಲಿತದ್ದು, ರೇಷ್ಮೆಯ ಮಡಿಕೆ ಹಾಸಿದ ಮೇಲೆ, ಚರ್ಮದ ಸೀಟಿನ ಮೇಲೂ ನಡೆಯಿತು. ಮಂಡಕಳ್ಳಿಯ ತನಕ ಹೋಗಿಬಂದೆವು. ನಾನು ಹಿಂದೆ ಕೂತು, ಗುಂಡಿ ಬಂದಾಗಲೆಲ್ಲ ಅವರ ಬೆನ್ನು ಹೇಗೆ ತಡೆಯುತ್ತದೆ ಎಂದು ನೋಡುತ್ತಿದ್ದೆ. ಅವರು ಕಿಟಕಿ ಇಳಿಸಿ, ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಬೆನ್ನಿನ ಮಾತೇ ಎತ್ತಲಿಲ್ಲ.

ಗಾಡಿಯನ್ನು ಕೊಂಡದ್ದಾಯಿತು. ರಜೆ ಮುಗಿಯುವ ಹಿಂದಿನ ಸಂಜೆ ನಾನು ಸ್ಕೂಟರಿನಲ್ಲಿ ಕೋರ್ಟಿನ ಕಾಂಪೌಂಡಿಗೆ ಹೋಗಿ ಮಟ್ಟಸವಾದ ಜಾಗ ಹುಡುಕಿದೆ. ಮೆಟ್ಟಿಲಿಲ್ಲದ ದಾರಿಯಿರುವ ಪಕ್ಕದ ಬಾಗಿಲಿಗೆ ಹತ್ತಿರ, ಮರವೊಂದರ ಕೆಳಗೆ, ಅಂಥದೊಂದು ಸಿಕ್ಕಿತು. ಮೈದುನನಿಗೆ ಫೋನಿನಲ್ಲಿ ಗುರುತು ಹೇಳಿದೆ.

ವಾದದ ದಿನ ನಾನು ಮುಂಚೆಯೇ ಹೋಗಿ ದೂರದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾದೆ. ಹತ್ತಿರ ಬರಬಾರದು ಎಂದು ವಕೀಲರ ಕಟ್ಟಪ್ಪಣೆಯಾಗಿತ್ತು. ಬೂದು ಗಾಡಿ ಬಂದು ಮರದ ಕೆಳಗೆ ನಿಂತಿತು. ಸುದ್ದಿ ಗೊತ್ತಿದ್ದ ಇತರ ವಕೀಲರ ಗುಂಪೊಂದು ಆಗಲೇ ಸೇರಿತ್ತು. ಹಿರಿಯರೊಬ್ಬರು ಬಾಗಿಲು ತೆರೆದದ್ದೇ ಕೈ ಕೊಡಲು ಮುಂದೆ ಬಂದರು. ಒಳಗಿನಿಂದ ಒಂದು ಅಂಗೈ ಮೇಲೆದ್ದಿತು. "ಒಂದ್ನಿಮಿಷ ಸಾರ್." ಎಡಗಾಲು ನೆಲಕ್ಕೆ ಬಂತು. ಎರಡು ಕೈಯಲ್ಲಿ ಎತ್ತಿದ ಬಲಗಾಲು ಅದರ ಪಕ್ಕಕ್ಕೆ ಬಂತು. ಒಂದು ಕೈ ಸೀಟಿಗೆ, ಒಂದು ಕಂಬಕ್ಕೆ. ಅವರು ಎದ್ದು ನಿಂತು, ಕೋಟಿನ ಮುಂಭಾಗವನ್ನು ಎಳೆದು ಸರಿಮಾಡಿಕೊಂಡು, ಆಮೇಲೆ ಎಲ್ಲರಿಗೂ ಕೈ ಮುಗಿದರು. ಮೈದುನ ವಾಕರ್ ತಂದು ಮುಂದಿಟ್ಟು, ಗಾಡಿಯ ಇನ್ನೊಂದು ಬದಿಗೆ ಹೋಗಿ ಕನ್ನಡಕ ತೆಗೆದು ಒರೆಸಿಕೊಂಡರು.

ವಾದ ಮಧ್ಯಾಹ್ನದ ಮೇಲೂ ನಡೆಯಿತು. ಕೂತು ಮಾಡಬಹುದು ಎಂದು ನ್ಯಾಯಾಧೀಶರೇ ಹೇಳಿದರಂತೆ. ಇವರು ನಿಂತೇ ಮಾಡಿದರಂತೆ. ತೀರ್ಪು ಬಂದದ್ದು ಆಮೇಲೆ, ಅಕ್ಕತಂಗಿಯರ ಪರವಾಗಿಯೇ ಬಂತು. ಆದರೆ ನನಗೆ ಆ ದಿನದ ಕಡೆಯ ಭಾಗವೇ ಹೆಚ್ಚು ನೆನಪಿನಲ್ಲಿದೆ.

ಅವರು ಹೊರಗೆ ಬರುವಷ್ಟರಲ್ಲಿ ಕಾಂಪೌಂಡು ವಾಹನಗಳಿಂದ ಇಕ್ಕಿರಿದಿತ್ತು. ನಮ್ಮ ಗಾಡಿಯ ಎಡಮಗ್ಗುಲಿಗೆ ಯಾರೋ ಜೀಪೊಂದನ್ನು ತೀರ ಒತ್ತಿ ನಿಲ್ಲಿಸಿದ್ದರು. ಎಡಬಾಗಿಲು ಒಂದು ಗೇಣೂ ತೆರೆಯುವಂತಿರಲಿಲ್ಲ. ಮುಂದೆ ಮರವಿತ್ತು, ಹಿಂದೆಯೂ ಒಂದು ಕಾರು ಅಡ್ಡ ನಿಂತಿತ್ತು. "ಆ ಜೀಪಿನವ್ರು ಯಾರು ನೋಡಿ ಕರ್ಕೊಂಬರ್ತೀನಿ ಅತ್ತಿಗೆ. ನೆರಳಲ್ಲಿ ಕೂತಿರಿ," ಎಂದು ಮೈದುನ ಕುರ್ಚಿ ಹುಡುಕಲು ಹೊರಟರು.

"ಇರಿ," ಎಂದರು ವಕೀಲರು. ಬಲಗಡೆಯ ಹಿಂದಿನ ಬಾಗಿಲನ್ನು ನೋಡುತ್ತಿದ್ದರು. "ಅದು ತೆಗೀರಿ."

ಆ ಬದಿಯಿಂದ ಎಲ್ಲವೂ ತಿರುಗುಮುರುಗು. ಮೊದಲು ಒಳಗೆ ಹೋಗಬೇಕಾದದ್ದು ಗಟ್ಟಿಕಾಲು. ನೆಲದ ಮೇಲೆ ಉಳಿಯುವುದು ಸೋತ ಕಾಲು. ಬಾಗಿಲೂ ಕಿರಿದು. ನಾವು ಒಂದು ದಿನವೂ ಅದನ್ನು ಅಭ್ಯಾಸ ಮಾಡಿರಲಿಲ್ಲ. ನಾನು ಸ್ಕೂಟರ್ ಬಿಟ್ಟು ನಾಲ್ಕು ಹೆಜ್ಜೆ ಓಡಿದವಳು, ಅವರ ಮುಖ ಕಂಡು ನಿಂತೆ. ಅದೇ ಮುಖ, ಊಟದ ಮೇಜಿನ ಹಿಂದೆ ನಿಂತು ವಾದ ಮಾಡುವಾಗಿನದು. ಲೆಕ್ಕ ಹಾಕುತ್ತಿದ್ದರು.

ಅವರು ಮುಂದಿನ ಸೀಟಿನ ರೇಷ್ಮೆಯ ಮಡಿಕೆಯನ್ನು ಹಿಂದಿನ ಸೀಟಿಗೆ ಹಾಸಿಸಿಕೊಂಡು, ಬೆನ್ನು ತಿರುಗಿಸಿ ಕೂತರು. ತಕ್ಷಣ ತಿರುಗಲು ಹೋಗಲಿಲ್ಲ. ಮುಷ್ಟಿಯೂರಿ, ಬೆನ್ನು ಸೀಟಿನ ಒಳಕ್ಕೆ ಹೋಗುವ ತನಕ, ಸಾಕಷ್ಟು ಹಿಂದಕ್ಕೆ ಸರಿದರು. ಹಾಗೆ ಸರಿದಿದ್ದರಿಂದ ಭಾರ ನೆಲದ ಕಾಲಿನ ಮೇಲೆ ಬೀಳಲಿಲ್ಲ. ಎಡಗಾಲನ್ನು ಒಳಗಿಟ್ಟು, ಎದುರಿನ ಸೀಟಿನ ಬೆನ್ನನ್ನು ಒಂದು ಕೈಯಲ್ಲಿ ಹಿಡಿದು ಮೈ ತಿರುಗಿಸಿದರು. ಕೊನೆಗೆ ಬಗ್ಗಿ, ಮಂ­ಡಿಯ ಕೆಳಗೆ ಕೈಕೊಟ್ಟು, ಬಲಗಾಲನ್ನು ಹೊಸ್ತಿಲು ದಾಟಿಸಿ ಒಳಗಿಟ್ಟುಕೊಂಡರು.

ಅಷ್ಟು ಹಿಂದಕ್ಕೆ ಸರಿಯುವ ಉಪಾಯ ನಾನು ಹೇಳಿಕೊಟ್ಟದ್ದಲ್ಲ. ಅಂದಿನ ತನಕ ನನಗೆ ಹೊಳೆದೂ ಇರಲಿಲ್ಲ.

ಅವರು ಬಾಗಿಲು ಎಳೆದುಕೊಳ್ಳುವ ಮುಂಚೆ ದೂರದಲ್ಲಿ ನಿಂತಿದ್ದ ನನ್ನನ್ನು ನೋಡಿದರು. "ನಾಳೆ ಬರ್ತೀರಲ್ಲ ಮೇಡಂ?" ಎಂದು ಕೂಗಿ ಕೇಳಿದರು. "ಈ ಬಾಗ್ಲಿಂದ ಇಳಿಯೋದು ಹೆಂಗೆ ಅಂತ ಇನ್ನೂ ಗೊತ್ತಿಲ್ಲ."

"ಮನೆ ಮುಟ್ಟೋ ಹೊತ್ತಿಗೆ ನಿಮ್ಗೇ ಗೊತ್ತಾಗಿರುತ್ತೆ," ಎಂದೆ.